199 ರೂಪಾಯಿಗೆ ಯಾವ ಆಡಿಯೋ ಪುಸ್ತಕ? ಕಟಪಾಡಿ–ಮಂಗಳೂರು ಬಸ್ಸಿನಲ್ಲಿ ಕೇಳಿದ ಐದು

ಮೊದಲೇ ಹೇಳಿಬಿಡುತ್ತೇನೆ. ಈ ಐದರಲ್ಲಿ ನನಗೆ ತುಂಬಾ ಹಿಡಿಸಿದ್ದು ಕ್ಯಾಥಿ ಓನೀಲ್ ಅವರ ‘ವೆಪನ್ಸ್ ಆಫ್ ಮ್ಯಾತ್ ಡಿಸ್ಟ್ರಕ್ಷನ್’. ಅದು ಕಾದಂಬರಿಯಲ್ಲ, ಜನರನ್ನು ಅಳೆಯುವ ಕಂಪ್ಯೂಟರ್ ಲೆಕ್ಕಗಳಿಂದ ಆಗುವ ಅನ್ಯಾಯದ ಬಗ್ಗೆ, ನಡೆದ ಸಂಗತಿಗಳ ಪುಸ್ತಕ. ಪೂರ್ತಿಯಾಗಿ ಎರಡು ಸಲ ಕೇಳಿದ್ದೇನೆ. ಎಂಟನೇ ಅಧ್ಯಾಯವನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ.

ನನ್ನ ಮನೆ ಕಟಪಾಡಿ. ಕೆಲಸ ಮಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಇನ್ನೂ ಸ್ವಲ್ಪ ಜಾಸ್ತಿ. ಅಷ್ಟು ಹೊತ್ತು ಕಿವಿ ಖಾಲಿ. ಮೊದಲು ಹಾಡು ಕೇಳುತ್ತಿದ್ದೆ.

ಒಂದು ದಿನ ಬೀಡಿ ಕಟ್ಟುವ ಒಬ್ಬರು ಅಮ್ಮ ನಮ್ಮ ಕೌಂಟರಿಗೆ ಬಂದರು. ಎಲೆ ಸುರುಳಿ ಮಾಡಿ ಮಾಡಿ ಅವರ ಬೆರಳಿನ ಗೆರೆ ಸವೆದು ಹೋಗಿತ್ತು. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಐದು ಸಲ ಒತ್ತಿಸಿದೆ. ಕೊನೆಗೆ ‘ಸಿಸ್ಟಮ್ ತಗೊಳ್ತಾ ಇಲ್ಲ ಅಮ್ಮ’ ಅಂದೆ. ಅವರು ಏನೂ ಹೇಳದೆ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ನಿಂತರು. ನಾನು ದಿನಾ ಹೇಳುವ ಈ ಮಾತಿನ ಹಿಂದೆ ಏನಿದೆ ಎಂದು ತಿಳಿಯಬೇಕು ಅನ್ನಿಸಿತು. ತಿಂಗಳಿಗೆ 199 ರೂಪಾಯಿ ಕಟ್ಟಿದರೆ ಒಂದು ಪುಸ್ತಕ ಸಿಗುವ ಯೋಜನೆಗೆ ಸೇರಿದೆ. ತಂತ್ರಜ್ಞಾನದ ಕೆಟ್ಟ ನಾಳೆಯ ಬಗ್ಗೆ ಕಾದಂಬರಿಗಳನ್ನೂ, ಇವತ್ತಿನ ಬಗ್ಗೆ ವಿಚಾರದ ಪುಸ್ತಕಗಳನ್ನೂ ಕೇಳತೊಡಗಿದೆ.

ಮೊದಲ ಖರೀದಿಯೇ ಕೈಕೊಟ್ಟಿತು. ಶೊಶಾನಾ ಝುಬೋಫ್ ಅವರ ‘ದಿ ಏಜ್ ಆಫ್ ಸರ್ವೆಲನ್ಸ್ ಕ್ಯಾಪಿಟಲಿಸಂ’ ತೆಗೆದುಕೊಂಡೆ. 2019ರ ಪುಸ್ತಕ, ಸುಮಾರು 24 ಗಂಟೆ. ಒಂದು ಕ್ರೆಡಿಟ್ಟಿಗೆ, ಅಂದರೆ ತಿಂಗಳಿಗೆ ಸಿಗುವ ಆ ಒಂದು ಪುಸ್ತಕದ ಲೆಕ್ಕಕ್ಕೆ, ಐದು ಗಂಟೆಯ ಪುಸ್ತಕವೂ ಸಿಗುತ್ತದೆ, 24 ಗಂಟೆಯದ್ದೂ ಸಿಗುತ್ತದೆ ಅಂದಮೇಲೆ ದೊಡ್ಡದೇ ಲಾಭ ಅಲ್ವಾ ಎಂದು ಲೆಕ್ಕ ಹಾಕಿದ್ದೆ. ಎರಡು ತಿಂಗಳಾದರೂ ಅದರ ಮೊದಲ ಭಾಗ ಮುಗಿಯಲಿಲ್ಲ.

ಪುಸ್ತಕ ಕೆಟ್ಟದ್ದಲ್ಲ. ಅವರ ವಾದ ದೊಡ್ಡದು. ನಾವು ಏನನ್ನೋ ಹುಡುಕುತ್ತೇವೆ, ಒತ್ತುತ್ತೇವೆ, ಎಲ್ಲೋ ನಿಲ್ಲುತ್ತೇವೆ. ಅದರಿಂದ ಸಿಗುವ ಮಾಹಿತಿಯಲ್ಲಿ ಸೇವೆ ಸುಧಾರಿಸಲು ಬೇಕಾದ್ದು ಸ್ವಲ್ಪ. ಮಿಕ್ಕಿದ್ದನ್ನು ಕಂಪನಿ ಇಟ್ಟುಕೊಂಡು, ನಾವು ಮುಂದೆ ಏನು ಮಾಡುತ್ತೇವೆ ಎಂಬ ಅಂದಾಜನ್ನು ತಯಾರಿಸಿ ಮಾರುತ್ತದೆ. ಆ ಮಿಕ್ಕಿದ್ದಕ್ಕೆ ಝುಬೋಫ್ ಇಟ್ಟ ಹೆಸರು ‘ಬಿಹೇವಿಯರಲ್ ಸರ್‌ಪ್ಲಸ್’. ಡಾಟ್‌ಕಾಮ್ ಕಂಪನಿಗಳು ಬಿದ್ದ ಮೇಲೆ, 2001ರ ಹೊತ್ತಿಗೆ ಗೂಗಲ್‌ನಲ್ಲಿ ಇದು ಶುರುವಾಯಿತು ಎನ್ನುತ್ತಾರೆ. ಇಂಥ ಹೊಸ ಪದಗಳು ಪುಸ್ತಕದ ತುಂಬಾ ಇವೆ. ಒಂದು ಪದವನ್ನು ಒಮ್ಮೆ ವಿವರಿಸಿ, ಆಮೇಲೆ ಗಂಟೆಗಟ್ಟಲೆ ಅದನ್ನೇ ಬಳಸುತ್ತಾರೆ. ವಿವರಣೆ ಬರುವ ಆ ಒಂದು ನಿಮಿಷದಲ್ಲಿ ಮುಲ್ಕಿ ಸ್ಟಾಪ್ ಬಂದು, ಕಂಡಕ್ಟರ್ ತುಳುವಿನಲ್ಲಿ ‘ದುಂಬು ಪೋಲೆ, ದುಂಬು’ (ಮುಂದೆ ಹೋಗಿ, ಮುಂದೆ) ಎಂದು ಬಾಗಿಲಿನಿಂದ ಕೂಗಿದರೆ ಮುಗಿಯಿತು.

ಈಗ ನನ್ನನ್ನು ನಿಜಕ್ಕೂ ಕಾಡಿದ ತೊಂದರೆಗೆ ಬರುತ್ತೇನೆ. ಆಡಿಯೋ ಪುಸ್ತಕ ಕೊಳ್ಳುವ ಮುಂಚೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಇಯರ್‌ಫೋನ್ ಮೇಲೆ ಎರಡು ಸಲ ಬೆರಳು ತಟ್ಟಿದರೆ ಮುಂದಿನ ಹಾಡಿಗೆ ಹೋಗುತ್ತದೆ. ಹಾಡಿಗೆ ಅದು ಸರಿ. ಪುಸ್ತಕದಲ್ಲಿ ಮುಂದಿನ ಹಾಡು ಅಂದರೆ ಮುಂದಿನ ಅಧ್ಯಾಯ. ಸುರತ್ಕಲ್‌ನಲ್ಲಿ ಕಾಲೇಜು ಮಕ್ಕಳು ಹತ್ತಿದ ಮೇಲೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ. ಇಯರ್‌ಫೋನ್ ಜಾರುತ್ತದೆ, ಮೊಣಕೈಯಿಂದಲೋ ಭುಜದಿಂದಲೋ ಒತ್ತಿಕೊಳ್ಳುತ್ತೇನೆ. ಅದು ತಟ್ಟಿದ ಲೆಕ್ಕ. ಪುಸ್ತಕ ಒಂದು ಗಂಟೆ ಮುಂದಕ್ಕೆ ಹಾರಿರುತ್ತದೆ.

ಕಾದಂಬರಿಯಾದರೆ ತಕ್ಷಣ ಗೊತ್ತಾಗುತ್ತದೆ. ಈಗಷ್ಟೇ ಮನೆಯಲ್ಲಿ ಕೂತಿದ್ದವನು ಜೈಲಿನಲ್ಲಿದ್ದರೆ ಏನೋ ತಪ್ಪಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಝುಬೋಫ್ ಪುಸ್ತಕದಲ್ಲಿ ನನಗೆ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಸುರತ್ಕಲ್‌ನಿಂದ ಕೊಟ್ಟಾರ ಚೌಕಿವರೆಗೂ ತಪ್ಪು ಅಧ್ಯಾಯ ಕೇಳಿದೆ. ಅದೇ ಪದಗಳು, ಅದೇ ಕಂಪನಿಗಳ ಹೆಸರು, ಓದುವವರ ಅದೇ ಸಮಾಧಾನದ ಧ್ವನಿ. ವಾದ ಸ್ವಲ್ಪ ಕಷ್ಟವಾಯಿತು, ನನ್ನ ಗಮನ ಎಲ್ಲೋ ಹೋಗಿರಬೇಕು ಎಂದುಕೊಂಡೆ. ಹಿಂದೆ ಹೇಳಿದಂತೆ ಎಂದು ಅವರು ಒಂದು ಸಂಗತಿ ಎತ್ತಿದಾಗ ಮಾತ್ರ, ಆ ಹಿಂದಿನದ್ದನ್ನು ನಾನು ಕೇಳಿಯೇ ಇಲ್ಲ ಎಂದು ಗೊತ್ತಾಯಿತು.

ಅಷ್ಟು ಹೊತ್ತಿಗೆ ಆ್ಯಪ್ ಹೊಸ ಜಾಗವನ್ನೇ ನಾನು ನಿಲ್ಲಿಸಿದ ಜಾಗ ಎಂದು ಬರೆದುಕೊಂಡಿತ್ತು. ಹಳೆಯ ಜಾಗ ಹೋಯಿತು. 30 ಸೆಕೆಂಡು ಹಿಂದೆ ಹೋಗುವ ಗುಂಡಿ ಇದೆ. ಒಂದು ಗಂಟೆ ಹಿಂದೆ ಹೋಗಲು ಅದನ್ನು 120 ಸಲ ಒತ್ತಬೇಕು. ಗೆರೆಯನ್ನು ಬೆರಳಿನಲ್ಲಿ ಎಳೆದರೆ ಒಂದು ಕೂದಲೆಳೆಗೆ ಹತ್ತು ನಿಮಿಷ ಹಾರುತ್ತದೆ. ಕಾಗದದ ಪುಸ್ತಕದಲ್ಲಿ, ಎಡಗಡೆಯ ಪುಟದಲ್ಲಿ ಮೇಲ್ಗಡೆ ಇತ್ತು ಎಂಬ ನೆನಪಾದರೂ ಇರುತ್ತದೆ. ಕಿವಿಗೆ ಪುಟ ಇಲ್ಲ. ಆ ವಾರ ಮೂರು ಸಂಜೆ ಬರೀ ಹುಡುಕುವುದರಲ್ಲೇ ಹೋಯಿತು.

ಈಗ ಇಯರ್‌ಫೋನಿನ ಆ್ಯಪ್‌ಗೆ ಹೋಗಿ ತಟ್ಟುವ ಸೌಕರ್ಯವನ್ನೇ ಬಂದ್ ಮಾಡಿದ್ದೇನೆ. ಇಳಿಯುವ ಮುಂಚೆ ಬಸ್ ಟಿಕೆಟಿನ ಹಿಂದೆ ಅಧ್ಯಾಯ ಮತ್ತು ನಿಮಿಷ ಬರೆದು ಪರ್ಸಿನಲ್ಲಿ ಇಡುತ್ತೇನೆ. ಆಡಿಯೋ ಪುಸ್ತಕ ಶುರುಮಾಡುವವರು ಮೊದಲ ದಿನವೇ ಈ ಎರಡು ಕೆಲಸ ಮಾಡಿಕೊಳ್ಳಿ. ಝುಬೋಫ್ ಪುಸ್ತಕವನ್ನು ಮಣಿಪಾಲದ ಗೆಳತಿಯಿಂದ ಕಾಗದದಲ್ಲಿ ತಂದು, ಪೆನ್ಸಿಲ್ ಹಿಡಿದು ಓದುತ್ತಿದ್ದೇನೆ. ಚೆನ್ನಾಗಿ ಹೋಗುತ್ತಿದೆ. ಅದು ಓದಬೇಕಾದ ಪುಸ್ತಕ.

ಇನ್ನು ಕಾದಂಬರಿಗಳು. ಜಾರ್ಜ್ ಆರ್ವೆಲ್ ಅವರ ‘1984’ ಹೊರಬಂದದ್ದು 1949ರಲ್ಲಿ. ನಾನು ಕೇಳಿದ ಓದು ಹನ್ನೊಂದು ಗಂಟೆ ದಾಟುತ್ತದೆ. ಬ್ರಿಟಿಷ್ ಉಚ್ಚಾರಣೆಗೆ ಒಗ್ಗಲು ಎರಡು ದಿನ ಬೇಕಾಯಿತು. ಅದರಲ್ಲಿ ಸರ್ಕಾರ ಗೋಡೆಗೆ ಹಾಕಿಸಿದ ‘ಟೆಲಿಸ್ಕ್ರೀನ್’ ಎಂಬ ಪರದೆ ಜನರನ್ನು ನೋಡುತ್ತಿರುತ್ತದೆ, ಕೇಳಿಸಿಕೊಳ್ಳುತ್ತಲೂ ಇರುತ್ತದೆ. ಅದರ ಸದ್ದು ತಗ್ಗಿಸಬಹುದು, ಪೂರ್ತಿ ಆರಿಸುವಂತಿಲ್ಲ. ಕಿವಿಯಲ್ಲಿ ಕೇಳುವಾಗ ಈ ಮಾತು ಇನ್ನೂ ಗಟ್ಟಿಯಾಗಿ ತಟ್ಟುತ್ತದೆ. ಆದರೆ ಮೂರನೇ ಭಾಗದ ಹಿಂಸೆ ನನ್ನಿಂದ ಆಗಲಿಲ್ಲ. ಓದುವಾಗ ಕಣ್ಣು ತಾನಾಗಿ ನಾಲ್ಕು ಸಾಲು ಹಾರಿಸುತ್ತದೆ. ಕೇಳುವಾಗ ಹಾಗಿಲ್ಲ, ಓದುವವರು ಒಂದೊಂದು ಪದವನ್ನೂ ನಿಧಾನವಾಗಿ ಹೇಳುತ್ತಾರೆ. ಬೆಳಿಗ್ಗೆ ಅದನ್ನು ಕೇಳಿಕೊಂಡು ಹೋಗಿ ಕೌಂಟರಿನಲ್ಲಿ ಕೂರುವುದು ಕಷ್ಟ. ಒಂದು ವಾರ ಬಿಟ್ಟು, ಭಾನುವಾರ ಹಗಲಲ್ಲಿ ಬಂಗುಡೆ ಶುಚಿ ಮಾಡುತ್ತಾ ಮುಗಿಸಿದೆ.

ಈ ಪುಸ್ತಕದ ಬಗ್ಗೆ ಇನ್ನೊಂದು ಸಂಗತಿ. 2009ರ ಜುಲೈಯಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ (ಇ-ಪುಸ್ತಕ ಓದುವ ಸಾಧನ) ಇದೇ ‘1984’ರ ಕೆಲವು ಪ್ರತಿಗಳನ್ನು ದೂರದಿಂದಲೇ ಅಳಿಸಿ ಹಾಕಿತ್ತು. ಮಾರಾಟಕ್ಕೆ ಹಾಕಿದವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೂ ನಾವು ಕೊಂಡದ್ದು ಎಷ್ಟರ ಮಟ್ಟಿಗೆ ನಮ್ಮದು ಎಂದು ಅಂದಿನಿಂದ ಕೇಳಿಕೊಳ್ಳುವ ಹಾಗಾಗಿದೆ.

ರೇ ಬ್ರ್ಯಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ 1953ರದ್ದು. ಐದು ಗಂಟೆ, ಬಸ್ಸಿಗೆ ಹೇಳಿ ಮಾಡಿಸಿದ ಹಾಗೆ. ಪುಸ್ತಕಗಳನ್ನು ಸುಟ್ಟುಹಾಕುವ ನಾಳೆಯ ಕಥೆ. ಅದರಲ್ಲಿ ನಾಯಕನ ಹೆಂಡತಿ ಕಿವಿಯೊಳಗೆ ಚಿಪ್ಪಿನಂಥ ಪುಟ್ಟ ರೇಡಿಯೋ ಇಟ್ಟುಕೊಂಡು ರಾತ್ರಿಯಿಡೀ ಮಲಗಿರುತ್ತಾಳೆ. ಗಂಡ ಪಕ್ಕದಲ್ಲೇ ಇದ್ದರೂ ಅವಳಿಗೆ ಏನೂ ಕೇಳಿಸುವುದಿಲ್ಲ. ಪಡುಬಿದ್ರಿ ದಾಟುವಾಗ ಈ ಭಾಗ ಬಂತು. ನನ್ನ ಎರಡೂ ಕಿವಿಯಲ್ಲಿ ಅದೇ ಇತ್ತು. ಮೈ ಜುಂ ಎಂದಿತು. ಆವತ್ತಿನಿಂದ ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಪಕ್ಕದ ಸೀಟಿನವರು ಮಾತಾಡಿಸಿದರೆ ಕೇಳಿಸಬೇಕು. ಕೊನೆಯಲ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿ ಉಳಿಸುತ್ತಾರೆ. ನನ್ನ ಅಜ್ಜನಿಗೆ ಯಕ್ಷಗಾನ ಪ್ರಸಂಗದ ಪದ್ಯಗಳು ಪೂರ್ತಿ ಬಾಯಿಗೆ ಬರುತ್ತಿದ್ದವು. ಅವರು ನೆನಪಾದರು.

ದುಡ್ಡು ಕೊಡದೆ ಕೇಳಬೇಕಾದರೆ ಇ. ಎಂ. ಫಾರ್ಸ್ಟರ್ ಅವರ ‘ದಿ ಮಷೀನ್ ಸ್ಟಾಪ್ಸ್’. 1909ರ ನೀಳ್ಗತೆ. ಲಿಬ್ರಿವಾಕ್ಸ್ ಎಂಬ ಜಾಲತಾಣದಲ್ಲಿ ಸ್ವಯಂಸೇವಕರು ಓದಿದ್ದು ಪುಕ್ಕಟೆ ಸಿಗುತ್ತದೆ, ಒಂದು ದಿನದ ಪ್ರಯಾಣಕ್ಕೆ ಸಾಕು. ಜನರೆಲ್ಲ ನೆಲದ ಕೆಳಗೆ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ, ಬೇಕಾದ್ದನ್ನೆಲ್ಲ ಯಂತ್ರ ಕೊಡುತ್ತದೆ. ತಾಯಿ ಭೂಮಿಯ ಒಂದು ಕಡೆ, ಮಗ ಇನ್ನೊಂದು ಕಡೆ. ಪರದೆಯಲ್ಲಿ ಮಾತಾಡುತ್ತಾರೆ. ನಿನ್ನನ್ನು ಯಂತ್ರದಲ್ಲಿ ನೋಡಿದ್ದು ಸಾಕು, ಎದುರೆದುರು ನೋಡಬೇಕು ಎನ್ನುತ್ತಾನೆ ಮಗ. ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಮಗ ದುಬೈಯಲ್ಲಿದ್ದಾನೆ. ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್. ಕಾಲ್ ಮುಗಿದ ಮೇಲೂ ಅವರು ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿರುತ್ತಾರೆ. ಕಾದಂಬರಿ ಬೇಕು ಅನ್ನುವವರು ಇದರಿಂದಲೇ ಶುರು ಮಾಡಿ.

ಇಷ್ಟೆಲ್ಲ ಆದಮೇಲೂ ಓನೀಲ್ ಪುಸ್ತಕವೇ ಯಾಕೆ?

ಆರೂವರೆ ಗಂಟೆಯ ಒಳಗೆ ಮುಗಿಯುತ್ತದೆ. ಬರೆದವರೇ ಓದಿದ್ದಾರೆ. ಧ್ವನಿಯಲ್ಲಿ ನಾಟಕ ಇಲ್ಲ, ಸಿಟ್ಟು ಬಂದ ಕಡೆ ಸಿಟ್ಟು ಕೇಳಿಸುತ್ತದೆ. ಗಣಿತ ಕಲಿಸುತ್ತಿದ್ದವರು ಹಣಕಾಸು ಕಂಪನಿಗೆ ಹೋಗಿ, 2008ರ ಕುಸಿತವನ್ನು ಒಳಗಿನಿಂದಲೇ ನೋಡಿದವರು.

ಮಳೆಗಾಲದಲ್ಲಿ ಅಪ್ಪನ ಜೊತೆ ತಾಳಮದ್ದಳೆಗೆ ಹೋಗುತ್ತಿದ್ದೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಆದರೂ ವಾಲಿ ಕೇಳುವ ಪ್ರಶ್ನೆಗೆ ರಾಮ ಏನು ಹೇಳುತ್ತಾನೆ ಎಂದು ನಿದ್ದೆಗೆಟ್ಟು ಕೂರುತ್ತಿದ್ದೆವು. ವಾದವನ್ನು ಕಿವಿಯಲ್ಲಿ ಕೇಳುವುದು ನಮ್ಮ ಊರಿನವರಿಗೆ ಹೊಸದಲ್ಲ. ಬಾಣ ತಿಂದು ಬಿದ್ದವನೇ ಎದುರು ನಿಂತು ಕೇಳುತ್ತಿರುತ್ತಾನೆ, ಅದಕ್ಕೇ ಆ ವಾದ ತಲೆಯಲ್ಲಿ ಉಳಿಯುತ್ತದೆ. ಓನೀಲ್ ಹಾಗೆಯೇ ಮಾಡುತ್ತಾರೆ. ಮೊದಲು ಒಬ್ಬ ಮನುಷ್ಯ, ಆಮೇಲೆ ಲೆಕ್ಕ. ವಾಷಿಂಗ್ಟನ್‌ನಲ್ಲಿ ಐದನೇ ತರಗತಿಯ ಒಬ್ಬ ಟೀಚರ್. ಪ್ರಿನ್ಸಿಪಾಲರಿಗೂ ಪೋಷಕರಿಗೂ ಮೆಚ್ಚುಗೆ. ಆದರೆ ಮಕ್ಕಳ ಪರೀಕ್ಷೆಯ ಅಂಕ ಇಟ್ಟುಕೊಂಡು ಕಂಪ್ಯೂಟರ್ ಅವರಿಗೆ ಕಡಿಮೆ ಸ್ಕೋರ್ ಕೊಟ್ಟಿತು. 2011ರಲ್ಲಿ ಅವರ ಜೊತೆ 200ಕ್ಕೂ ಹೆಚ್ಚು ಟೀಚರ್‌ಗಳು ಕೆಲಸ ಕಳೆದುಕೊಂಡರು. ಲೆಕ್ಕ ಹೇಗೆ ಹಾಕಿದಿರಿ ಎಂದು ಅವರು ಕೇಳಿದರೆ ಸರಿಯಾಗಿ ಹೇಳುವವರೇ ಇರಲಿಲ್ಲ. ಇದನ್ನು ಕೇಳುವಾಗ ಆ ಬೀಡಿ ಅಮ್ಮನ ಹೆಬ್ಬೆರಳು ಕಣ್ಣೆದುರು ಬಂತು. ಆರ್ವೆಲ್ ಹೆದರಿದ್ದು ಸದಾ ನೋಡುವ ಒಂದು ಕಣ್ಣಿಗೆ. ನನ್ನ ಕೌಂಟರಿನಲ್ಲಿ ಆ ಅಮ್ಮನನ್ನು ನೋಡುವವರೇ ಇರಲಿಲ್ಲ, ನಾನೂ ಪರದೆಯನ್ನೇ ನೋಡುತ್ತಿದ್ದೆ.

ಎಂಟನೇ ಅಧ್ಯಾಯ ಸಾಲದ ಸ್ಕೋರಿನದ್ದು. ಎಲ್ಲ ಸ್ಕೋರೂ ಕೆಟ್ಟದ್ದು ಎಂದು ಅವರು ಹೇಳುವುದಿಲ್ಲ. ನೀವು ಸಾಲ ಕಟ್ಟಿದ್ದೀರೋ ಇಲ್ಲವೋ ಎಂಬುದನ್ನು ನೋಡಿ ಕೊಡುವ ಸ್ಕೋರ್ ಪರವಾಗಿಲ್ಲ. ಅದನ್ನು ನೀವು ತರಿಸಿ ನೋಡಬಹುದು, ತಪ್ಪಿದ್ದರೆ ತಿದ್ದಿಸಬಹುದು. ನೀವು ಯಾವ ಬೀದಿಯಲ್ಲಿದ್ದೀರಿ, ಇಂಟರ್‌ನೆಟ್ಟಿನಲ್ಲಿ ಏನು ನೋಡುತ್ತೀರಿ ಎಂದು ನಿಮ್ಮಂಥವರ ಜೊತೆ ನಿಮ್ಮನ್ನು ಸೇರಿಸಿ ಅಳೆಯುವುದು ಅನ್ಯಾಯ ಎನ್ನುತ್ತಾರೆ. ಈ ವ್ಯತ್ಯಾಸ ನನಗೆ ಕೆಲಸಕ್ಕೆ ಬಂತು.

ನಮ್ಮಲ್ಲಿ ಸಾಲ ಕಟ್ಟಿದ ದಾಖಲೆ ನೋಡಿ ಕೊಡುವ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ. ದೇಶದಲ್ಲಿ ಇಂಥ ಸ್ಕೋರನ್ನೂ ಸಾಲದ ವರದಿಯನ್ನೂ ಕೊಡುವ ಕಂಪನಿಗಳು ನಾಲ್ಕು. ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನನಗೆ ಇದು ಮೊದಲೇ ಗೊತ್ತಿತ್ತು, ಆದರೆ ಎದುರು ಕೂತವರಿಗೆ ಹೇಳುತ್ತಿರಲಿಲ್ಲ. ಸ್ಕೋರ್ ಕಡಿಮೆ ಇದೆ, ಆಗುವುದಿಲ್ಲ ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಈಗ ವರದಿ ತರಿಸುವುದು ಹೇಗೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕಳೆದ ತಿಂಗಳು ಒಬ್ಬರು ಆಟೋ ಚಾಲಕರು ಅದನ್ನು ತರಿಸಿದರು. ಎಂದೋ ತೀರಿಸಿದ ಹಳೆಯ ಸಾಲವೊಂದು ಇನ್ನೂ ಬಾಕಿ ಎಂದು ಅದರಲ್ಲಿ ಕೂತಿತ್ತು. ದೂರು ಕೊಟ್ಟಿದ್ದಾರೆ. 30 ದಿನದೊಳಗೆ ಸರಿಮಾಡಬೇಕು, ಕಾಯುತ್ತಿದ್ದೇವೆ.

ದಿನಾ ಎರಡೂವರೆ ಗಂಟೆ ಬಸ್ಸು, ತಿಂಗಳಿಗೆ 199 ರೂಪಾಯಿ, ಒಂದು ಕಿವಿ. ನನ್ನ ಲೆಕ್ಕ ಇಷ್ಟೇ, ಇದಕ್ಕೆ ಓನೀಲ್ ಪುಸ್ತಕ ಸರಿಹೋಯಿತು. ಮನೆಯಲ್ಲಿ ರಾತ್ರಿ ಲೈಟ್ ಆರಿಸಿ ಕೇಳುವವರಿಗೆ ‘1984’ ಇನ್ನೂ ಹಿಡಿಸಬಹುದು. ಈ ತಿಂಗಳ ಕ್ರೆಡಿಟ್ ಇನ್ನೂ ಹಾಗೇ ಇದೆ. ಬರೆದವರೇ ಓದಿದ, ಎಂಟು ಗಂಟೆ ಮೀರದ ಇಂಥ ಪುಸ್ತಕ ಯಾವುದಾದರೂ ಇದ್ದರೆ ತಿಳಿಸಿ. ಕನ್ನಡದಲ್ಲಿದ್ದರೆ ದೊಡ್ಡಮ್ಮನಿಗೂ ಕೇಳಿಸುತ್ತೇನೆ.