ಹಳೇ ಬೈಕಿನ ಚಾರ್ಜಿಂಗ್ ತೊಂದರೆ: 280 ರೂಪಾಯಿ ಮೀಟರ್, ಬಲ್ಬು, ಅಂಗಡಿಯ ಲೋಡ್ ಟೆಸ್ಟರ್

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನನ್ನ ಓಟು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿಗೆ. ಅಶೋಕ ರಸ್ತೆ ಕಡೆ 280 ರೂಪಾಯಿ ಕೊಟ್ಟು ತಂದ, ಹಳದಿ ಬಣ್ಣದ ಅಗ್ಗದ ಮೀಟರ್. ಅದನ್ನು ಮೊದಲೇ ತಂದಿದ್ದರೆ 2,300 ರೂಪಾಯಿ ಉಳಿಯುತ್ತಿತ್ತು. 1,450 ಬ್ಯಾಟರಿಗೆ, 850 ರೆಗ್ಯುಲೇಟರಿಗೆ (ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ಭಾಗ). ಎರಡೂ ಬೇಕಾಗಿರಲಿಲ್ಲ.

ಗಾಡಿ 2007ರದ್ದು, 150 ಸಿಸಿ, ಅಪ್ಪ ಓಡಿಸಿ ನನಗೆ ಬಿಟ್ಟದ್ದು. ದಿನಾ ದಾವಣಗೆರೆಯಿಂದ ಹರಿಹರಕ್ಕೆ 14 ಕಿ.ಮೀ. ಹೋಗಿ ಬರುತ್ತೇನೆ. ಮಾರ್ಚ್ ಬಿಸಿಲಲ್ಲಿ ಒಂದು ದಿನ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂದಿತು, ಅಷ್ಟೇ. ಹಾರ್ನ್‌ಗೆ ನೆಗಡಿ ಆದ ಹಾಗಿತ್ತು. ಕಿಕ್ ಹೊಡೆದರೆ ಮಾತ್ರ ಒಂದೇ ಏಟಿಗೆ ಸ್ಟಾರ್ಟ್. ಬ್ಯಾಟರಿ ಹೋಗಿದೆ ಅಂತ ಎಲ್ಲರೂ ಹೇಳಿದರು, ನಾನೂ ನಂಬಿ ಹೊಸದು ಹಾಕಿಸಿದೆ. ಎರಡೇ ತಿಂಗಳಿಗೆ ಹೊಸದೂ ಟಕ್ ಟಕ್.

ಬೈಕು ತಗೊಂಡು ಪಿ.ಬಿ. ರಸ್ತೆಯ ಒಂದು ಬ್ಯಾಟರಿ ಅಂಗಡಿಗೆ ಹೋದೆ. ಅಲ್ಲಿ ಲೋಡ್ ಟೆಸ್ಟರ್ ಇದೆ. ಎರಡು ದಪ್ಪ ಕ್ಲಿಪ್, ಒಂದು ಮುಳ್ಳು, ಒಳಗೆ ಹೀಟರಿನ ಹಾಗೆ ಕಾಯುವ ಕಾಯಿಲ್. ಗುಂಡಿ ಒತ್ತಿದರೆ ಬ್ಯಾಟರಿಯಿಂದ ಒಮ್ಮೆಗೇ ಭಾರಿ ಕರೆಂಟ್ ಎಳೆಯುತ್ತದೆ, ಆಗ ಮುಳ್ಳು ಎಷ್ಟು ಕುಸಿಯುತ್ತದೆ ಅಂತ ನೋಡುತ್ತಾರೆ. ಒಳ್ಳೆಯ ಯಂತ್ರವೇ. ಸುಮ್ನೆ ಇಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿ, ಭಾರ ಬಿದ್ದ ಕೂಡಲೇ ಕೈ ಎತ್ತಿಬಿಡೋದು ಉಂಟು, ಅಂಥದ್ದು ಇದರ ಮುಂದೆ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಖಾಲಿ ಬ್ಯಾಟರಿಗೆ ಈ ಪರೀಕ್ಷೆ ಮಾಡಿ ಉಪಯೋಗ ಇಲ್ಲ, ಮೊದಲು ಪೂರ್ತಿ ಚಾರ್ಜ್ ಆಗಬೇಕು. ಹಾಗಾಗಿ ಒಂದು ರಾತ್ರಿ ಅಲ್ಲೇ ಬಿಟ್ಟು, ಚಾರ್ಜಿಂಗಿಗೆ ನೂರು ರೂಪಾಯಿ ಕೊಟ್ಟು, ಮಾರನೇ ದಿನ ಗೊತ್ತಾದದ್ದು ಇಷ್ಟೇ: ಬ್ಯಾಟರಿ ಚೆನ್ನಾಗಿದೆ, ಗಾಡಿಯಲ್ಲಿ ಚಾರ್ಜ್ ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಅನ್ನೋದು ಅವರಿಗೆ ಸಂಬಂಧ ಇಲ್ಲದ ವಿಷಯ. ಬ್ಯಾಟರಿಯನ್ನು ಗಾಡಿಯಿಂದ ಕಳಚಿ ಟೇಬಲ್ ಮೇಲೆ ಇಟ್ಟ ಮೇಲೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

ಮುಂದೆ ಎಲೆಕ್ಟ್ರಿಷಿಯನ್. ಅವರ ಆಯುಧ ಒಂದು ಹಳೇ ಹೆಡ್‌ಲೈಟ್ ಬಲ್ಬು, ಅದಕ್ಕೆ ಬೆಸುಗೆ ಹಾಕಿದ ಎರಡು ವೈರು. ಖರ್ಚು ಸೊನ್ನೆ. ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಮೂರು ಹಳದಿ ವೈರಿನ ಕಪ್ಲರ್ (ಅವನ್ನು ರೆಗ್ಯುಲೇಟರಿಗೆ ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಬಿಚ್ಚಿ, ಇಂಜಿನ್ ಸ್ಲೋನಲ್ಲಿ ಬಿಟ್ಟು, ಎರಡೆರಡು ವೈರಿಗೆ ಮುಟ್ಟಿಸಿದರು. ಮೂರು ಸಲವೂ ಒಂದೇ ಸಮ ಉರಿಯಿತು. ಕಾಯಿಲ್ ಸರಿ ಇದೆ, ಹಾಗಾದರೆ ರೆಗ್ಯುಲೇಟರೇ ಹೋಗಿರಬೇಕು ಅಂದರು. ಹೊಸದು ಹಾಕಿದರು. ಒಂಬತ್ತು ದಿನ ಸೆಲ್ಫ್ ಕೆಲಸ ಮಾಡಿತು. ಹತ್ತನೇ ದಿನ ಹರಿಹರದ ತುಂಗಭದ್ರಾ ಸೇತುವೆ ಹತ್ತಿರ ಮತ್ತೆ ಅದೇ ರಾಗ.

ಬಲ್ಬನ್ನು ಬೈಯುತ್ತಿಲ್ಲ. ಫ್ಯೂಸ್ ಹೋಗಿದೆಯಾ, ಅರ್ಥ್ ಸರಿಯಾಗಿ ಸಿಗುತ್ತಿದೆಯಾ ಅಂತ ನೋಡೋಕೆ ಅದಕ್ಕಿಂತ ಸಲೀಸಾದದ್ದು ಇಲ್ಲ. ಆದರೆ 12.4 ಇದ್ದರೂ ಬಲ್ಬು ಉರಿಯುತ್ತದೆ, 14.2 ಇದ್ದರೂ ಉರಿಯುತ್ತದೆ, ಚಾರ್ಜಿಂಗ್ ಸಮಾಚಾರ ಪೂರ್ತಿ ಇರೋದು ಈ ಎರಡರ ನಡುವೆ, ಅದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಬ್ಬರು ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ನೋಡೋಣ ಅಂದರು. ಬೇಡ ಅಂದೆ. ಬ್ಯಾಟರಿ ಇಲ್ಲದಿದ್ದರೆ ವೋಲ್ಟೇಜ್ ಎಗರಿ ಬಲ್ಬು, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಪೆಟ್ಟಿಗೆ), ರೆಗ್ಯುಲೇಟರ್ ಎಲ್ಲದಕ್ಕೂ ಕುತ್ತು.

ಹ್ಯಾಂಡಲ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಕೂಡ ತಂದಿದ್ದೆ, ಮೊದಲ ಮಳೆಗೇ ಒಳಗೆ ನೀರು.

ಕೊನೆಗೆ ಮೀಟರ್ ಬಂತು. ಒಂದು ಭಾನುವಾರ ಬೆಳಿಗ್ಗೆ, ನಿಟುವಳ್ಳಿ ಮನೆ ಮುಂದೆ, ಸೀಟು ಬಿಚ್ಚಿ ಕೂತೆ. ಗಾಡಿ ಆಫ್ ಇದ್ದಾಗ 12.3. ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.8 ಇರಬೇಕು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ 14ರ ಆಸುಪಾಸು ಬರಬೇಕಾದದ್ದು 12.9ಕ್ಕೆ ನಿಂತಿತು. ಹೆಡ್‌ಲೈಟ್ ಹಾಕಿದರೆ ಅದೂ ಇಳಿಯಿತು. ಕಪ್ಲರ್ ಬಿಚ್ಚಿ ಮೂರು ಹಳದಿ ವೈರಿಗೆ ಎಸಿ ವೋಲ್ಟ್ ಹಿಡಿದೆ, ಮೂರು ಜೋಡಿಯೂ 50ರ ಮೇಲೆ, ಹೆಚ್ಚುಕಮ್ಮಿ ಒಂದೇ. ಇಲ್ಲಿ ನಂಬರ್ ಇಷ್ಟೇ ಇರಬೇಕು ಅಂತಲ್ಲ, ಮೂರೂ ಸಮ ಇರಬೇಕು. ಅಂದರೆ ಕಾಯಿಲ್ ವಿಷಯದಲ್ಲಿ ಬಲ್ಬು ಹೇಳಿದ್ದು ನಿಜ.

ಆಮೇಲೆ ಮಾಡಿದ್ದು ಬಲ್ಬಿನ ಕೈಲಿ ಆಗದ ಕೆಲಸ. ಕಪ್ಲರ್ ಮತ್ತೆ ಹಾಕಿ, ಇಂಜಿನ್ ಓಡುತ್ತಿರುವಾಗಲೇ, ಮೀಟರಿನ ಒಂದು ಕಡ್ಡಿ ಕಪ್ಲರಿನ ಈಚೆ, ಇನ್ನೊಂದು ಕಡ್ಡಿ ಅದೇ ವೈರಿನ ಆಚೆ ಚುಚ್ಚಿದೆ. ಒಂದೇ ವೈರು ತಾನೇ, ಸೊನ್ನೆ ಬರಬೇಕು. ಮೊದಲನೆಯದು 0.1. ಎರಡನೆಯದು 0.1. ಮೂರನೆಯದು 3.8. ಕಪ್ಲರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಟೀ ಬಣ್ಣಕ್ಕೆ ತಿರುಗಿದೆ, ಒಳಗಿನ ಪಿನ್ ಸುಟ್ಟು ಕಪ್ಪಾಗಿದೆ. ರೆಗ್ಯುಲೇಟರ್ ಬದಲಾಯಿಸುವಾಗ ಬಿಚ್ಚಿ ಹಾಕಿದ್ದಕ್ಕೆ ಪಿನ್ ಸ್ವಲ್ಪ ಉಜ್ಜಿಕೊಂಡು ಒಂಬತ್ತು ದಿನ ನಡೆದಿತ್ತು, ಅಷ್ಟೇ. ಹೊಸ ಕಪ್ಲರ್ 40 ರೂಪಾಯಿ. ಹಾಕಿ ರೇಸ್ ಮಾಡಿದೆ, 14.1.

ಇಷ್ಟು ಹೊಗಳಿದ ಮೇಲೆ ಈ ಮೀಟರ್ ನನ್ನನ್ನು ಹೇಗೆ ಆಟ ಆಡಿಸಿತು ಅಂತಲೂ ಹೇಳಬೇಕು. ಒಂದು ತಿಂಗಳಾದ ಮೇಲೆ, ಎಲ್ಲಾ ಸರಿ ಇದೆಯಾ ನೋಡೋಣ ಅಂತ ಹಿಡಿದರೆ 16.3! ಎದೆ ಧಸಕ್ ಅಂದಿತು. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ ಅಂತ ಅರ್ಥ, ಬ್ಯಾಟರಿ ಕುದ್ದು ಉಬ್ಬುತ್ತದೆ. ಹೊಸ ರೆಗ್ಯುಲೇಟರ್ ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಹಗಲು ಹೊತ್ತಲ್ಲೂ ಹೆಡ್‌ಲೈಟ್ ಹಾಕಿಕೊಂಡು, ಕರೆಂಟ್ ಖರ್ಚಾಗಲಿ ಅಂತ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಅದೇ ಬ್ಯಾಟರಿ ಅಂಗಡಿಗೆ ಹೋದೆ. ಅವರ ಮೀಟರಿನಲ್ಲಿ 14.1. ಮತ್ತೆ ನನ್ನದರಲ್ಲಿ 16.3. ಅಂಗಡಿ ಹುಡುಗ ನಕ್ಕ.

ಮನೆಗೆ ಬಂದು ಗೋಡೆ ಗಡಿಯಾರಕ್ಕೆ ತಂದ ಹೊಸ ಪೆನ್ಸಿಲ್ ಸೆಲ್ ಹಿಡಿದೆ. 1.6 ಇರಬೇಕಾದದ್ದು 1.85 ತೋರಿಸಿತು. ಆಗ ಕಂಡಿತು, ಪರದೆಯ ಮೂಲೆಯಲ್ಲಿ ಸೊಳ್ಳೆ ಗಾತ್ರದ ಬ್ಯಾಟರಿ ಗುರುತು. ಮೀಟರಿನ ಒಳಗೆ ಇರುವ 9 ವೋಲ್ಟ್ ಸೆಲ್ ಇಳಿದಿದೆ! ನಾನೇ ಒಂದು ರಾತ್ರಿ ಆಫ್ ಮಾಡದೆ ಬಿಟ್ಟಿದ್ದೆ. ಸೆಲ್ ಇಳಿದರೆ ಮೀಟರ್ ಕಡಿಮೆ ತೋರಿಸುತ್ತದೆ ಅಂತ ಅಲ್ವಾ ಅಂದುಕೊಳ್ಳೋದು? ಈ ಅಗ್ಗದ ಮೀಟರುಗಳಲ್ಲಿ ಉಲ್ಟಾ. ಒಳಗಿನ ಸೆಲ್‌ನಿಂದ ಬರುವ ಒಂದು ಅಳತೆಗೆ ಹೊರಗಿನದನ್ನು ಹೋಲಿಸಿ ತೋರಿಸೋದು ಅದರ ಕೆಲಸ, ಆ ಅಳತೆಯೇ ಕುಗ್ಗಿದರೆ ಲೆಕ್ಕ ಜಾಸ್ತಿ ಬರುತ್ತದೆ. ಗಿಡ್ಡ ಕೈಯವರು ಹೂವು ಅಳೆದರೆ ಮೊಳ ಜಾಸ್ತಿ ಆಗೋ ಹಾಗೆ. ಹೊಸ ಸೆಲ್ ಹಾಕೋಕೆ ಹಿಂದಿನ ಎರಡು ಸ್ಕ್ರೂ ಬಿಚ್ಚಬೇಕು, ಅದರಲ್ಲಿ ಒಂದರ ತಲೆ ಸವೆದೇ ಹೋಗಿತ್ತು, ಅರ್ಧ ಗಂಟೆ ಹಿಡಿಯಿತು. ಬ್ಯಾಟರಿ ನೋಡೋ ಯಂತ್ರಕ್ಕೇ ಬ್ಯಾಟರಿ ಇಲ್ಲ ಅಂತ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ. ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿನಲ್ಲಿ ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್, ಕಡ್ಡಿ ಕರಗುತ್ತದೆ.

ಇಷ್ಟಾದರೂ ನನ್ನ ಆಯ್ಕೆ ಬದಲಾಗಿಲ್ಲ. ಗಾಡಿಯನ್ನು ಗ್ಯಾರೇಜಲ್ಲಿ ಒಂದು ದಿನ ಬಿಟ್ಟರೆ ನನಗೆ ಬಸ್ಸೇ ಗತಿ, ಶಿಫ್ಟ್ ತಪ್ಪಿದರೆ ಸಂಬಳ ಕಟ್. ಲೋಡ್ ಟೆಸ್ಟ್ ಕೂಡ ಮನೆಯಲ್ಲೇ ಒಂದು ಮಟ್ಟಿಗೆ ಆಗುತ್ತದೆ: ಮೀಟರ್ ಹಿಡಿದುಕೊಂಡೇ ಸೆಲ್ಫ್ ಒತ್ತಿ, 10ರ ಕೆಳಗೆ ಬಿದ್ದು ಬಿದ್ದು ಹೋಗುತ್ತಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ನಿಮ್ಮ ಗಾಡಿಗೆ ಕಿಕ್ ಇಲ್ಲದಿದ್ದರೆ, ಬ್ಯಾಟರಿಗೆ ಮೂರು ನಾಲ್ಕು ವರ್ಷ ಆಗಿದ್ದರೆ, ಆಗ ಮಾತ್ರ ಮೊದಲು ಅಂಗಡಿಯ ಟೆಸ್ಟರಿಗೇ ಹೋಗಿ ಅನ್ನುತ್ತೇನೆ. ಚಾರ್ಜ್ ಮಾಡಿಸಿಯೇ ಟೆಸ್ಟ್ ಮಾಡಿಸಿ.

ಮಾರ್ಚಲ್ಲಿ ಗುಜರಿಗೆ ಕೊಟ್ಟ ಆ ಹಳೇ ಬ್ಯಾಟರಿ ನೆನಪಾದಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಅದೂ ಚೆನ್ನಾಗೇ ಇತ್ತೇನೋ. ಅದಕ್ಕೆ ಸಿಕ್ಕಿದ್ದು 200 ರೂಪಾಯಿ.