ಒಲಿಂಪಿಕ್ ಮ್ಯೂಸಿಯಂಗೆ ಸೋಮವಾರ ಹೋಗಿ ಕೆಟ್ಟೆವು

ಸ್ವಿಟ್ಜರ್ಲೆಂಡಿಗೆ ಏಜೆಂಟ್ ಮೂಲಕ ಹೋಗುವವರು ಇದನ್ನೊಮ್ಮೆ ಓದಿ. ಲೋಸಾನ್ ಊರಿನ ಒಲಿಂಪಿಕ್ ಮ್ಯೂಸಿಯಂ ನಿಮ್ಮ ಪಟ್ಟಿಯಲ್ಲಿದ್ದರೆ ಎರಡು ಸಲ ಓದಿ.

ಅಪ್ಪನಿಗೆ 74 ವರ್ಷ. ಮಡಿಕೇರಿಯಲ್ಲಿ ನೌಕರಿಗಿದ್ದಾಗ ಹಾಕಿ ಹುಚ್ಚು ಹತ್ತಿಸಿಕೊಂಡವರು. ಒಲಿಂಪಿಕ್ ಜ್ಯೋತಿ ಹೊತ್ತು ಓಡುವ ಪದ್ಧತಿ ಶುರುವಾಗಿದ್ದು 1936ರ ಬರ್ಲಿನ್‌ನಲ್ಲಿ. ಆಗಿನಿಂದ ಬಂದ ಪಂಜುಗಳೆಲ್ಲ ಈ ಮ್ಯೂಸಿಯಂನಲ್ಲಿವೆ. ಧ್ಯಾನ್‌ಚಂದ್ ತಂಡ ಜರ್ಮನಿಯನ್ನು 8-1ರಿಂದ ಬಡಿದದ್ದೂ ಅದೇ ವರ್ಷ. 'ಹಿಮ ಗಿಮ ಏನೂ ಬೇಡ, ಆ ಪಂಜು ಒಂದು ತೋರಿಸು' ಅಂದಿದ್ದರು ಅಪ್ಪ.

ಬೆಂಗಳೂರಿನ ಟೂರ್ ಏಜೆಂಟ್ ಒಬ್ಬರು (ಹೆಸರು ಬೇಡ ಬಿಡಿ) ಎಲ್ಲ ಏರ್ಪಾಡು ಮಾಡಿಕೊಟ್ಟರು. 'ಮ್ಯೂಸಿಯಂ ಎಂಟ್ರಿ' ಅಂತ ತಲೆಗೆ 3,500 ರೂಪಾಯಿ ಬೇರೆ ತಗೊಂಡರು. ಮೂರು ಜನಕ್ಕೆ 10,500. ನಾನು ಮರುಮಾತಾಡದೆ ಕೊಟ್ಟೆ.

ಇಂಟರ್‌ಲಾಕನ್‌ನಿಂದ ಬೆಳಿಗ್ಗೆಯೇ ಹೊರಟೆವು. ಬರ್ನ್‌ನಲ್ಲಿ ರೈಲು ಬದಲಾಯಿಸಿ, ಲೋಸಾನ್‌ನಲ್ಲಿ ಮೆಟ್ರೊ ಹತ್ತಿ, ಕೊನೆಯ ಸ್ಟಾಪ್ ಊಶಿಯಲ್ಲಿ ಇಳಿದೆವು. ಅಲ್ಲಿಂದ ಸರೋವರದ ಪಕ್ಕ ನಡಿಗೆ, ಆಮೇಲೆ ಮೆಟ್ಟಿಲು. ಮಂಡಿ ನೋವಿನ ಅಪ್ಪ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತಿದರು.

ಬಾಗಿಲು ಹಾಕಿತ್ತು. ಅವತ್ತು ಸೋಮವಾರ. ಯಾವುದೋ ಕೆಲವು ಹಬ್ಬದ ಸೋಮವಾರ ಬಿಟ್ಟರೆ ಅಲ್ಲಿಗೆ ವಾರದ ರಜೆ ಅವತ್ತೇ. ಗುಟ್ಟೇನಲ್ಲ, ಅವರ ವೆಬ್‌ಸೈಟಲ್ಲೇ ಇದೆ. ನಾನೂ ನೋಡಿರಲಿಲ್ಲ, ದುಡ್ಡು ತಗೊಂಡವರೂ ನೋಡಿರಲಿಲ್ಲ.

ಅಪ್ಪ ಎರಡೂ ಕೈ ಕಣ್ಣಿನ ಪಕ್ಕ ಅಡ್ಡ ಹಿಡಿದು ಗಾಜಿಗೆ ಹಣೆ ಒತ್ತಿ ಒಳಗೆ ಇಣುಕಿದರು. 'ಲೈಟೇ ಹಾಕಿಲ್ಲ ಕಣೋ' ಅಂದರು. ಆಮೇಲೆ ಕರವಸ್ತ್ರ ತೆಗೆದು, ಗಾಜಿನ ಮೇಲಾಗಿದ್ದ ಹಣೆಯ ಗುರುತನ್ನು ತಾವೇ ಒರೆಸಿದರು. ನನಗೆ ಮಾತೇ ಹೊರಡಲಿಲ್ಲ.

ಹೊರಗಿನ ತೋಟಕ್ಕೆ ಟಿಕೆಟ್ ಇಲ್ಲ. ನಳಿಗೆ ಗಂಟು ಹಾಕಿದ ಪಿಸ್ತೂಲಿನ ಶಿಲ್ಪದ ಮುಂದೆ ಸುಮ್ನೆ ಒಂದು ಫೋಟೋ ತೆಗೆದುಕೊಂಡು ವಾಪಸ್ ಹೊರಟೆವು.

ನಿಜವಾದ ಏಟು ಬಿದ್ದಿದ್ದು ರೈಲಿನಲ್ಲಿ. ನಮ್ಮ ಹತ್ತಿರ ಸ್ವಿಸ್ ಟ್ರಾವೆಲ್ ಪಾಸ್ (ಅಲ್ಲಿನ ರೈಲು, ಬಸ್ಸಿನಲ್ಲಿ ಓಡಾಡೋಕೆ ಪ್ರವಾಸಿಗರಿಗೆ ಕೊಡುವ ಒಂದೇ ಟಿಕೆಟ್) ಇತ್ತು. ಮಗಳು ಅದರ ವಿವರ ಓದುತ್ತಾ, 'ಅಪ್ಪ, ಇದಿದ್ರೆ 500ಕ್ಕೂ ಜಾಸ್ತಿ ಮ್ಯೂಸಿಯಂ ಫ್ರೀ. ಈ ಮ್ಯೂಸಿಯಂ ಕೂಡ ಇದೆ' ಅಂದಳು. ಅಂದ್ರೆ ಆ 10,500 ಕೊಡುವ ಅಗತ್ಯವೇ ಇರಲಿಲ್ಲ! ಏಜೆಂಟ್ ಕೊಟ್ಟಿದ್ದ ವೌಚರ್ ತೆಗೆದು ನೋಡಿದರೆ ಅದರಲ್ಲಿ ಅವರದೇ ಲೋಗೋ, ನಮ್ಮ ಹೆಸರು, ತಾರೀಖು ಅಷ್ಟೇ. ಬಾರ್‌ಕೋಡ್ ಇಲ್ಲ, ಬುಕಿಂಗ್ ನಂಬರ್ ಇಲ್ಲ. ಮಂಗಳವಾರ ಹೋಗಿದ್ದರೂ ಅದನ್ನು ಯಾರೂ ಒಪ್ಪುತ್ತಿರಲಿಲ್ಲ ಅನಿಸುತ್ತೆ.

ನೀವು ದುಡ್ಡು ಕಟ್ಟುವ ಮುಂಚೆ ಪಾಸ್‌ನಲ್ಲಿ ಏನೇನು ಸೇರಿದೆ ಅಂತ ಓದಿ. ಟಿಕೆಟ್ ಅಂದರೆ ಮ್ಯೂಸಿಯಂನವರದೇ ಟಿಕೆಟ್ ಕೊಡಿ ಅಂತ ಕೇಳಿ. ವಾರದಲ್ಲಿ ಯಾವ ದಿನ ರಜೆ ಅಂತ ನೀವೇ ನೋಡಿಕೊಳ್ಳಿ.

ಊರಿಗೆ ಬಂದು ದುಡ್ಡು ವಾಪಸ್ ಕೇಳಿದೆ. 'ಬೇಜಾರಾಗ್ಬೇಡಿ ಸಾರ್, ಮುಂದಿನ ಟೂರಿಗೆ ಸಾವಿರ ರೂಪಾಯಿ ಕಡಿಮೆ ಮಾಡ್ತೀವಿ' ಅಂದರು.