ಕೌದಿ ಅಂಚಿಗೆ ರೆಡಿಮೇಡ್ ತ್ರಿಕೋನ ಪಟ್ಟಿ ತರಿಸುವವರು ಒಮ್ಮೆ ಇದನ್ನು ಓದಿ

ತಂಗಿಗೆ ಮಗು ಹುಟ್ಟಿತು ಅಂತ ಒಂದು ಸಣ್ಣ ಕೌದಿ ಹೊಲಿದೆ. ಅಗಲ 36 ಇಂಚು, ಉದ್ದ 45 ಇಂಚು. ಮೇಲೆ ಅವ್ವನ ಹಳೇ ಸೀರೆಯ ತುಂಡುಗಳು, ನಡುವೆ ಸವೆದ ಹೊದಿಕೆ, ಕೆಳಗೆ ಅಜ್ಜನ ಬಿಳಿ ಧೋತರ. ತೊಳೆದೂ ತೊಳೆದೂ ಬೆಣ್ಣೆಯಂತಾಗಿದ್ದ ಬಟ್ಟೆ. ಅಜ್ಜನ ಧೋತರಗಳಲ್ಲಿ ಅದೊಂದೇ ಉಳಿದಿತ್ತು.

ಅಂಚು ಸ್ವಲ್ಪ ಚೆಂದ ಕಾಣಲಿ ಅನ್ನಿಸಿತು. ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನಗಳನ್ನು ಸುತ್ತಲೂ ಹಚ್ಚುತ್ತಾರಲ್ಲ, ಅಮೆರಿಕದವರು ಪ್ರೇರಿ ಪಾಯಿಂಟ್ಸ್ ಅನ್ನುತ್ತಾರೆ, ಅದು. ಒಂದೊಂದೇ ಮಡಚಿ ಕೂರಲು ಬೇಜಾರಾಗಿ, ಮೊಬೈಲಿನಲ್ಲಿ ಹುಡುಕಿ ಕೆಂಪು ಬಣ್ಣದ ರೆಡಿಮೇಡ್ ಪಟ್ಟಿ 5 ಮೀಟರ್ ತರಿಸಿದೆ. ತ್ರಿಕೋನಗಳ ಬುಡವನ್ನು ಒಂದು ಟೇಪಿಗೆ ಹೊಲಿದು ಕೊಟ್ಟಿರುತ್ತಾರೆ, ನಾವು ಹಚ್ಚಿದರೆ ಮುಗಿಯಿತು. ಮಾರುವವರನ್ನು ಮೊದಲೇ ಕೇಳಿದ್ದೆ. "ಪ್ಯೂರ್ ಕಾಟನ್ ಮೇಡಂ, ಬಣ್ಣ ಹೋಗಲ್ಲ" ಅಂದಿದ್ದರು.

ಹಚ್ಚಿದಾಗ ನಿಜಕ್ಕೂ ಚೆಂದ ಕಂಡಿತು. ನಾಲ್ಕು ಜನಕ್ಕೆ ಫೋಟೋ ಕಳಿಸಿದೆ.

ಕೊಡುವ ಮುಂಚೆ ಒಂದು ಸಲ ತೊಳೆದು ಕೊಡೋಣ ಅಂತ ನೆನೆಸಿದೆ. ಹತ್ತು ನಿಮಿಷಕ್ಕೆ ಬಕೆಟ್ಟಿನ ನೀರು ಕುಂಕುಮ ಕದಡಿದಂತಾಗಿತ್ತು. ಧೋತರದ ಅಂಚೆಲ್ಲ ಗುಲಾಬಿ. ಗಾಬರಿಯಲ್ಲಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹಿಂಡಿ ಬಿಸಿಲಿಗೆ ಹಾಕಿದೆ, ಆಮೇಲೆ ಇಸ್ತ್ರಿಯನ್ನೂ ಮಾಡಿದೆ. ಹತ್ತಿದ ಬಣ್ಣ ಹಸಿಯಾಗಿದ್ದಾಗಲೇ ಹೋಗಬೇಕು. ತುಂಬಾ ನೀರಿನಲ್ಲಿ ಸೋಪಿನ ಪುಡಿ ಹಾಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಬದಲಿಸುತ್ತಾ ನೆನೆಸಿದ್ದರೆ ಧೋತರ ಉಳಿಯುತ್ತಿತ್ತೇನೋ. ಒಣಗಿಸಿ ಕಾಯಿಸಿದರೆ ಕಲೆ ಕೂತುಬಿಡುತ್ತದೆ. ಉಪ್ಪಿನ ನೀರು, ವಿನೆಗರ್ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಆಮೇಲೆ ಎರಡನ್ನೂ ಮಾಡಿ ನೋಡಿದೆ. ಏನೂ ಆಗಲಿಲ್ಲ.

ಬಣ್ಣದ ಕಥೆ ಹಾಗಾಯಿತು. ಟೇಪು ಬೇರೆ ಕುಗ್ಗಿತ್ತು. ಕೌದಿಯ ಬಟ್ಟೆಯೆಲ್ಲ ನೂರು ಸಲ ನೀರು ಕಂಡಿದ್ದು, ಕುಗ್ಗುವುದು ಅದಕ್ಕೆ ಬಾಕಿ ಇರಲಿಲ್ಲ. ಹೊಸ ಟೇಪು ಮಾತ್ರ ಎಳೆದುಕೊಂಡು ಅಂಚು ಪೂರ್ತಿ ಸುಕ್ಕುಗಟ್ಟಿತು. ಮೇಲಾಗಿ ಏಳೆಂಟು ತ್ರಿಕೋನ ಬುಡದಿಂದ ಕಿತ್ತು ಬಂದವು. ಬಿಡಿಸಿ ನೋಡಿದರೆ ಹೊಲಿಗೆಯೊಳಗೆ ಸಿಕ್ಕಿದ್ದ ಬಟ್ಟೆ ಒಂದು ನೂಲಿನಷ್ಟೇ. ಕಾಲು ಇಂಚಾದರೂ ಒಳಗೆ ಹೋಗಬೇಕು, ಇಲ್ಲದಿದ್ದರೆ ಕತ್ತರಿಸಿದ ಅಂಚು ಎಳೆ ಬಿಟ್ಟುಕೊಂಡು ಜಾರುತ್ತದೆ.

ಅವ್ವ ನೋಡಿ ಒಂದೇ ಮಾತು ಕೇಳಿದಳು: "ತೊಳೀಲಾರ್ದ ಹಚ್ಚೀಯೇನ?"

ಹೌದು, ಅದು ನನ್ನದೇ ತಪ್ಪು. ಒಂದು ಬಿಳಿ ಚಿಂದಿ ಒದ್ದೆ ಮಾಡಿ, ಪಟ್ಟಿಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿದ್ದರೆ ಎರಡೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಮಾರಿದವರಿಗೆ ಫೋಟೋ ಕಳಿಸಿದರೆ, "ಡ್ರೈ ವಾಶ್ ಮಾತ್ರ ಮೇಡಂ" ಅಂತ ಉತ್ತರ ಬಂತು. ಮಗುವಿನ ಕೌದಿಗೆ ಡ್ರೈ ವಾಶ್! ದಿನಕ್ಕೆರಡು ಸಲ ಒದ್ದೆಯಾಗುವ ವಸ್ತು ಅದು.

ಕೈಯಲ್ಲೇ ಮಾಡಿದ್ದರೆ ಎಷ್ಟು ಕೆಲಸ ಅಂತ ಈಗ ಲೆಕ್ಕ ಹಾಕಿದೆ. 4 ಇಂಚಿನ ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಎರಡು ಸಲ ಮಡಚಿದರೆ, ಬುಡ 4 ಇಂಚು, ಎತ್ತರ 2 ಇಂಚಿನ ತ್ರಿಕೋನ ಆಗುತ್ತದೆ. ಒಂದರ ಮಡಿಕೆಯೊಳಗೆ ಇನ್ನೊಂದರ ತುದಿ ಸಿಗಿಸುತ್ತಾ ಎರಡೂವರೆ ಇಂಚಿಗೊಂದರಂತೆ ಕೂರಿಸಿದರೆ ನನ್ನ ಅಳತೆಗೆ 64 ಸಾಕು. ಎರಡು ಸಂಜೆಯ ಕೆಲಸ, ಅಷ್ಟೇ. ಅದೂ ಮೊದಲೇ ತೊಳೆದ ಹಳೇ ಬಟ್ಟೆಯಲ್ಲಿ. ಚೂಪು ತುದಿ ಒಳಮುಖ ಇಟ್ಟು ಹೊಲಿಯಬೇಕು, ಅಂಚು ತಿರುಗಿಸಿದಾಗ ಹೊರಗೆ ಬರುತ್ತದೆ. ಕೌದಿಯ ಹೊಲಿಗೆಯನ್ನು ಅಂಚಿನವರೆಗೂ ಒಯ್ಯಬೇಡಿ, ಅರ್ಧ ಇಂಚು ಬಿಟ್ಟಿರಿ. ಇಲ್ಲದಿದ್ದರೆ ಬುಡ ಮುಚ್ಚಲು ಕೆಳಗಿನ ಬಟ್ಟೆ ಮಡಚೋಕೆ ಜಾಗ ಸಿಗಲ್ಲ.

ಸುತ್ತಲೂ ಬೇಕೇ ಬೇಕು ಅಂತಲೂ ಇಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಕವಂದಿ ಅನ್ನುತ್ತಾರೆ, ಅದನ್ನು ನೋಡಿದ್ದೀರಾ? ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಾತ್ರ ಮಡಚಿದ ತುಂಡುಗಳನ್ನು ಹೂವಿನ ಹಾಗೆ ಹಚ್ಚುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ. ಎಷ್ಟು ಲಕ್ಷಣ ಅಂತೀರಿ!

ನಾನೂ ಈಗ ಮೂಲೆಗಷ್ಟೇ ಹಚ್ಚೋಣ ಅಂದುಕೊಂಡಿದ್ದೇನೆ. ಆದರೆ ಕೆಂಪು ಪಟ್ಟಿ ಎರಡು ಪದರದ ನಡುವೆ ಸಿಕ್ಕಿಕೊಂಡಿದೆ. ಅದನ್ನು ತೆಗೆಯಲು ಇಡೀ ಅಂಚನ್ನೇ ಬಿಚ್ಚಬೇಕು. ಎರಡು ಬದಿ ಬಿಚ್ಚಿದ್ದೇನೆ, ಇನ್ನೂ ಎರಡಿವೆ. ತಂಗಿ ಮಾತ್ರ, ಗುಲಾಬಿ ಆದರೆ ಆಗಲಿ ಬಿಡಕ್ಕ, ಹಂಗೇ ಕಳಿಸು ಅನ್ನುತ್ತಿದ್ದಾಳೆ.